ಗೇರು ಬೀಳದ ಯೆಜ್ಡಿ

ಕಳೆದ ವರ್ಷ ಯುಗಾದಿಯ ಮರುದಿನ ಮೈಸೂರಿನಿಂದ ಕರೆ ಮಾಡಿದ ತಂದೆಯವರು ಕುಶಲ ವಿಚಾರಿಸುವುದಕ್ಕೂ ಮೊದಲೇ, “ಗಾಡಿ ಕೈಕೊಟ್ಟಿದೆ ಕಣೋ” ಎಂದರು. ನಮ್ಮ ಮನೆಯಲ್ಲಿ ಗಾಡಿಯೆಂದರೆ ಒಂದೇ: 1981ರಲ್ಲಿ ಅವರು ಕೊಂಡ ಯೆಜ್ಡಿ. ಅದನ್ನು ತಯಾರಿಸಿದ ಮೈಸೂರಿನ ಕಾರ್ಖಾನೆ 1996ರಲ್ಲಿಯೇ ಬಾಗಿಲು ಮುಚ್ಚಿತು. ತಂದೆಯವರು ಮಾತ್ರ ಎಪ್ಪತ್ತಾರರ ಹರೆಯದಲ್ಲಿಯೂ ಅದರ ಮೇಲೆಯೇ ಮಾರುಕಟ್ಟೆಗೆ ಹೋಗಿಬರುತ್ತಿದ್ದರು.

ಬರ್ಮಿಂಗ್‌ಹ್ಯಾಮಿನ ಅಡುಗೆಮನೆಯಲ್ಲಿ ಕುಳಿತು, ರೋಗಿಯನ್ನು ಕೇಳುವ ಕ್ರಮದಲ್ಲಿಯೇ ಪ್ರಶ್ನೆ ಕೇಳಿದೆ. ಏರುರಸ್ತೆಯಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ನುಗ್ಗುವುದಿಲ್ಲ. ಇದು ಕ್ಲಚ್ ಜಾರುವ ಲಕ್ಷಣ. ಕೇಬಲಿನಲ್ಲಿ ಸ್ವಲ್ಪವೂ ಸಡಿಲವಿರದಿದ್ದರೆ ಪ್ಲೇಟುಗಳು ಪೂರ್ತಿ ಒತ್ತಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಕೇಬಲನ್ನು ನೋಡಬೇಕು, ಅದು ಸರಿಯಿದ್ದರೆ ಪ್ಲೇಟುಗಳನ್ನು. ಕೇಬಲ್ ಸರಿಯಾಗಿಯೇ ಇತ್ತು. ಅಗ್ರಹಾರದ ಮೆಕ್ಯಾನಿಕ್ ಸವೆದ ಪ್ಲೇಟುಗಳನ್ನು ಬದಲಿಸಿದ ಮೇಲೆ ಜಾರುವುದು ನಿಂತಿತು. ಸಾವಿರಾರು ಮೈಲಿ ದೂರದಿಂದ ರೋಗ ಹಿಡಿದೆನೆಂದು ನಾನು ಹಿಗ್ಗಿದೆ.

ಆದರೆ ಇನ್ನೊಂದು ದೂರು ಉಳಿದೇ ಇತ್ತು. “ಗೇರು ಸರಿಯಾಗಿ ಬೀಳ್ತಾ ಇಲ್ಲ.” ಹೊಸ ಪ್ಲೇಟುಗಳು ಒಂದನ್ನೊಂದು ಬಿಡದೆ ಅಂಟಿಕೊಂಡಿರಬಹುದೆಂದು ಊಹಿಸಿದೆ. ಹಾಗಿದ್ದರೆ ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ತೆವಳಬೇಕು, ನಿಂತಲ್ಲಿ ನ್ಯೂಟ್ರಲ್ ಸಿಗಬಾರದು. ತಂದೆಯವರು ಎರಡನ್ನೂ ಅಲ್ಲಗಳೆದರು. ಬಿದ್ದ ಗೇರು ಎಳೆತಕ್ಕೆ ತಾನಾಗಿ ಹಾರಿ ಬರುತ್ತದೆಯೇ ಎಂದು ಕೇಳಿದೆ. ಒಳಗಿನ ಹಲ್ಲುಗಳು ಸವೆದಿದ್ದರೆ ಹಾಗಾಗುತ್ತದೆ. ಅದೂ ಇಲ್ಲವಂತೆ. ಉತ್ತರಗಳು ನನ್ನ ಊಹೆಗೆ ಹೊಂದದಿದ್ದರೂ ಎರಡು ಸಲ ಕೇಬಲ್ ಬಿಗಿ ಮಾಡಿಸಿದೆ. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಲೇಬೇಕೆಂದಾಗ, ನಾನು ಬರುವವರೆಗೆ ಮುಟ್ಟಬೇಡಿರೆಂದು ಹೇಳಿಸಿದೆ. ಈ ನಡುವೆ ಒಮ್ಮೆ ತಾಯಿಯವರು, ತಂದೆಯವರ ಎಡಗಾಲಿನ ಚಪ್ಪಲಿಯ ತುದಿ ಬೇಗ ಸವೆಯುತ್ತಿದೆಯೆಂದು ಹೇಳಿದ್ದರು. ನಾನು ಆಗ ಗೇರಿನ ಯೋಚನೆಯಲ್ಲಿದ್ದೆ.

ಆಗಸ್ಟಿನಲ್ಲಿ ಊರಿಗೆ ಹೋದಾಗ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಿ, ಒಂದು ಕೈಯಲ್ಲಿ ಹಿಂಚಕ್ರ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಗೇರು ಹಾಕಿ ನೋಡಿದೆ. ನಾಲ್ಕೂ ಗೇರುಗಳು ಸ್ಪಷ್ಟವಾಗಿ ಕೂತವು. ಕುಕ್ಕರಹಳ್ಳಿ ಕೆರೆಯವರೆಗೆ ಓಡಿಸಿ ಬಂದೆ. ಒಂದು ಅಪಸ್ವರವೂ ಇಲ್ಲ.

“ಅಪ್ಪ, ನೀವು ಓಡಿಸಿ, ನಾನು ನೋಡ್ತೀನಿ” ಎಂದೆ.

ಯೆಜ್ಡಿಯನ್ನು ಕಂಡವರಿಗೆ ಗೊತ್ತಿರುತ್ತದೆ: ಅದರಲ್ಲಿ ಕಿಕ್ಕರ್ ಮತ್ತು ಗೇರಿನ ಕಡ್ಡಿ ಎರಡೂ ಒಂದೇ, ಎಡಗಡೆಗೆ. ತಂದೆಯವರು ಒಂದೇ ಒದೆತಕ್ಕೆ ಇಂಜಿನ್ ಎಬ್ಬಿಸಿದರು. ಗೇರಿನ ಕಡ್ಡಿಯನ್ನು ಕೆಳಕ್ಕೆ ತುಳಿಯುವಾಗಲೂ ತೊಡಕಿರಲಿಲ್ಲ. ಮೇಲಕ್ಕೆ ಎತ್ತಬೇಕಾದಾಗ ಮಾತ್ರ ಪಾದ ಅಲುಗಲಿಲ್ಲ. ಅವರು ಮೊಣಕಾಲನ್ನೇ ಎತ್ತಿ ಇಡೀ ಕಾಲಿನಿಂದ ಕಡ್ಡಿಯನ್ನು ಎಳೆಯುತ್ತಿದ್ದರು. ಆಮೇಲೆ ಇಳಿದು ಗೇಟಿನತ್ತ ನಡೆದರು. ಎಡಪಾದ ಪ್ರತಿ ಹೆಜ್ಜೆಗೂ ಸಿಮೆಂಟಿನ ನೆಲಕ್ಕೆ ಪಟ್ ಪಟ್ ಎಂದು ಬಡಿಯಿತು.

ಅದು ಫುಟ್ ಡ್ರಾಪ್. ವೈದ್ಯಕೀಯ ವಿದ್ಯಾರ್ಥಿಯೂ ಅದರ ಸದ್ದಿನಿಂದಲೇ ಗುರುತಿಸಬಲ್ಲನು. ವಾರಕ್ಕೆ ಎರಡು ಬಾರಿ ವಿಡಿಯೋ ಕರೆಯಲ್ಲಿ ನಾನು ತಂದೆಯವರ ಮುಖ ನೋಡುತ್ತಿದ್ದೆ. ನಮ್ಮ ಸಂಘದ ಆರೋಗ್ಯ ಶಿಬಿರದಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿಗೆ ಸಾಕ್ಸ್ ತೆಗೆದು ಪಾದ ತೋರಿಸಿರೆಂದು ಗದರಿಸಿದ್ದೇನೆ. ಮನೆಯ ಮಧುಮೇಹಿಯ ಪಾದವನ್ನು ಐದು ತಿಂಗಳು ಕೇಳಲಿಲ್ಲ.

ಮೊಣಕಾಲಿನ ಹೊರಬದಿಯಲ್ಲಿ, ಮೂಳೆಗೆ ಅಂಟಿಕೊಂಡಂತೆ ಚರ್ಮದ ಕೆಳಗೇ ಪೆರೋನಿಯಲ್ ನರ ಹಾದುಹೋಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಆಜ್ಞೆ ಕೊಡುವುದು ಅದೇ. ಆ ವರ್ಷ ತಂದೆಯವರ ತೂಕ ಇಳಿದಿತ್ತು, ನರದ ಮೇಲಿನ ಕೊಬ್ಬಿನ ಮೆತ್ತೆ ಕರಗಿತ್ತು; ಜತೆಗೆ ಬಲಗಾಲಿನ ಮೇಲೆ ಎಡಗಾಲು ಹಾಕಿ ಗಂಟೆಗಟ್ಟಲೆ ಪತ್ರಿಕೆ ಓದುವ ಅಭ್ಯಾಸ. ನರದ ವಿದ್ಯುತ್ ಪರೀಕ್ಷೆಯಲ್ಲಿ ಒತ್ತಡ ಬಿದ್ದಿರುವುದು ಅಲ್ಲಿಯೇ ಎಂದು ಖಚಿತವಾಯಿತು. ಕಾಲಿಗೆ ಆಧಾರದ ಪಟ್ಟಿ, ವ್ಯಾಯಾಮ, ಸಕ್ಕರೆಯ ಹತೋಟಿ, ಕಾಲ ಮೇಲೆ ಕಾಲು ಹಾಕಬಾರದೆಂಬ ಕಟ್ಟಪ್ಪಣೆ. ಸಂಕ್ರಾಂತಿಯ ವೇಳೆಗೆ ಹೆಬ್ಬೆರಳು ಅಲುಗಿತು. ಬೇಗ ಕಂಡಿದ್ದರೆ ಇನ್ನೂ ಬೇಗ ಚೇತರಿಸುತ್ತಿತ್ತೇನೋ.

ಈಗ ವಿಡಿಯೋ ಕರೆಯಲ್ಲಿ ಮೊದಲು ಪಾದ ತೋರಿಸಿ ಎನ್ನುತ್ತೇನೆ. ತಂದೆಯವರು ಗೊಣಗುತ್ತ ಫೋನನ್ನು ಕೆಳಕ್ಕೆ ತಿರುಗಿಸುತ್ತಾರೆ. ಹಿಂದೆ ವರಾಂಡದಲ್ಲಿ ಹೊದಿಕೆ ಹೊದ್ದ ಯೆಜ್ಡಿ ಕಾಣುತ್ತದೆ. ಭಾನುವಾರಗಳಂದು ಸೋದರಳಿಯ ಬಂದು ಅದನ್ನು ಸ್ಟಾರ್ಟ್ ಮಾಡುತ್ತಾನೆ. ಗೇರು ಹಾಕುವುದು ಅವನಿಗೆ ಬರುವುದಿಲ್ಲವೆಂದು ತಂದೆಯವರ ದೂರು.