ಮರಿಯಮ್ಮನಹಳ್ಳಿಯ ಬಯಲಿನಲ್ಲಿ ಒಂದು ರಾತ್ರಿ

ಕೊಟ್ಟೂರು ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವವು ಮಾಘ ಮಾಸದಲ್ಲಿ ಜರುಗುವುದು ಸದ್ಭಕ್ತರೆಲ್ಲರಿಗೂ ತಿಳಿದ ಸಂಗತಿ. ಹೊಸಪೇಟೆಯ ಕಡೆಯಿಂದ ಪಾದಯಾತ್ರೆ ಹೊರಟವರು ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳನ್ನು ಹಾಯ್ದು ಹೋಗುತ್ತಾರೆ. ನಮ್ಮ ತಾಯಿಯವರು ಅರವತ್ತು ದಾಟಿದ ಮೇಲೂ ಈ ದಾರಿಯನ್ನು ನಡೆದವರು. ಈಗ ಎಂಬತ್ತು ಮೀರಿದೆ, ಮೊಣಕಾಲು ಕೇಳುವುದಿಲ್ಲ. ಈ ಸಲ ವಾಹನದಲ್ಲಿ ಬರಲು ಒಪ್ಪಿದರಾದರೂ ಒಂದು ಷರತ್ತು ಹಾಕಿದರು. ದಾರಿಯಲ್ಲಿ ಒಂದು ರಾತ್ರಿ ನೆಲದ ಮೇಲೆ ಮಲಗಬೇಕು, ಅದೂ ಮರಿಯಮ್ಮನಹಳ್ಳಿಯಲ್ಲಿ. ವಸತಿಗೃಹದ ಮಾತನ್ನೇ ಎತ್ತಕೂಡದು.

ಗೆಳೆಯರೊಬ್ಬರಲ್ಲಿ ಜೀಪಿಗೆ ಜೋಡಿಸುವ ಡೇರೆಯೊಂದಿತ್ತು. ಅದನ್ನು ಎರವಲು ತಂದೆ. ಅದರ ಒಂದು ಅಂಚನ್ನು ಜೀಪಿನ ತಲೆಯ ಮೇಲಿನ ಕಂಬಿಗೆ ಕಟ್ಟುವುದು, ಇನ್ನೊಂದು ಅಂಚನ್ನು ಎರಡು ಕೋಲುಗಳ ಮೇಲೆ ನಿಲ್ಲಿಸುವುದು. ಹಿಂಬಾಗಿಲು ತೆರೆದರೆ ನೇರವಾಗಿ ಡೇರೆಯೊಳಗೆ ಇಳಿಯಬಹುದು. ತಾಯಿಯವರು ನೋಡಿ ನಕ್ಕರು. “ಇದೇನಪಾ ಹೊಸದು? ನಮ್ಮಪ್ಪ ಬಂಡಿಗೆ ತಾಡಪತ್ರಿ ಕಟ್ಟಿದಂಗೇ ಐತಲ್ಲ!” ಮಾತು ಸುಳ್ಳಲ್ಲ. ಜಾತ್ರೆಗಳಲ್ಲಿ ಬಂಡಿಗೋ ಟ್ರ್ಯಾಕ್ಟರಿನ ಟ್ರ್ಯಾಲಿಗೋ ತಾಡಪತ್ರಿ ಇಳಿಬಿಟ್ಟು ಸಂಸಾರ ಹೂಡುವುದನ್ನು ನಾವೆಲ್ಲ ಕಂಡವರೇ.

ಊರಿನ ಆಚೆ, ತುಂಗಭದ್ರಾ ಜಲಾಶಯದ ಹಿನ್ನೀರು ಕಾಣುವ ಕಡೆ, ರೈತರೊಬ್ಬರ ಅನುಮತಿ ಪಡೆದು ಅವರ ಹೊಲದಂಚಿನಲ್ಲಿ ಇಳಿದೆವು. ಗರಸು ನೆಲ, ಡೇರೆಯ ತೆಳು ಗೂಟಗಳು ನಾಲ್ಕೇಟಿಗೆ ಬಾಗಿದವು. ಸಂಜೆ ನೀರಿನ ಮೇಲಿಂದ ಎದ್ದ ಗಾಳಿಗೆ ಬಟ್ಟೆಯೆಲ್ಲ ಹಾಯಿಯಂತೆ ಉಬ್ಬಿತು. ಆ ರೈತರೇ ಗೊಬ್ಬರದ ಖಾಲಿ ಚೀಲಗಳಿಗೆ ಕಲ್ಲು ತುಂಬಿಸಿ, ಹಗ್ಗಗಳನ್ನು ಅವಕ್ಕೆ ಕಟ್ಟಿಸಿದರು. ಎಲ್ಲ ಮುಗಿದ ಮೇಲೆ ಹಾಲು ತಂದಿಲ್ಲವೆಂಬುದು ನೆನಪಾಯಿತು. ಡೇರೆ ಕಟ್ಟಿದ ಜೀಪು ಕದಲುವಂತಿರಲಿಲ್ಲ! ಊರಿಗೆ ನಡೆದೇ ಹೋಗಿಬಂದೆ. ನನ್ನ ಪಾಲಿನ ಪಾದಯಾತ್ರೆ ಅಷ್ಟಾಯಿತು.

ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿ ಉಂಡೆವು. ತಾಯಿಯವರು ಮಲಗಲಿಲ್ಲ, ನೀರಿನ ಕಡೆ ಮುಖ ಮಾಡಿ ಕುಳಿತಿದ್ದರು. ಅವರ ತವರು ನಾರಾಯಣದೇವರಕೆರೆ. 1945ರಲ್ಲಿ ಅಡಿಗಲ್ಲು ಕಂಡು 1953ರಲ್ಲಿ ನೀರು ಹರಿಸಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು ಅದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ್ದು ನನಗೆ ಗೊತ್ತಿತ್ತು. ಮನೆ ಏಳುವವರೆಗೆ ಅಜ್ಜನ ಸಂಸಾರ ತಿಂಗಳುಗಟ್ಟಲೆ ಬಂಡಿಯ ಮಗ್ಗುಲಲ್ಲಿ, ತಾಡಪತ್ರಿಯ ಕೆಳಗೆ ಕಳೆದದ್ದು ಗೊತ್ತಿರಲಿಲ್ಲ. ಆ ಮಳೆಗಾಲದಲ್ಲಿ ಅವರ ಎರಡು ವರ್ಷದ ತಮ್ಮ ಜ್ವರ ಬಂದು ಲಿಂಗೈಕ್ಯನಾದನಂತೆ. ಹೊಸ ಜಾಗದಲ್ಲಿ ಮಣ್ಣು ಮಾಡಲು ಅಜ್ಜನಿಗೆ ಮನಸ್ಸು ಬಾರದೆ, ಹಳೆಯ ಊರಿನ ರುದ್ರಭೂಮಿಗೇ ಒಯ್ದರಂತೆ. ಬಳಿಕ ಅಲ್ಲಿಯೂ ನೀರು ನಿಂತಿತು.

“ಅಲ್ಲೇ ಅದಾನ,” ಎಂದು ಕತ್ತಲೆಯಲ್ಲಿ ಕೈ ತೋರಿಸಿದರು. ಇಷ್ಟು ವರ್ಷ ಯಾರಿಗೂ ಹೇಳದ ಮಾತು. ಪ್ರತಿವರ್ಷ ಈ ದಾರಿಯಲ್ಲಿ ನಡೆದದ್ದು ಕೊಟ್ಟೂರಿಗಾಗಿ ಮಾತ್ರವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಚಳಿಯೆಂದು ಡೇರೆಯನ್ನು ಎಲ್ಲ ಕಡೆ ಮುಚ್ಚಿದ್ದೇ ತಪ್ಪಾಯಿತು. ನಮ್ಮ ಉಸಿರಿನ ತೇವವೇ ಬಟ್ಟೆಗೆ ಹತ್ತಿ, ನಸುಕಿನಲ್ಲಿ ಹನಿಹನಿಯಾಗಿ ಮೈಮೇಲೆ ಬಿದ್ದಿತು. ಇಂಥದರಲ್ಲಿ ಗಾಳಿಗೆ ಕಿಂಡಿ ಬಿಡಲೇಬೇಕು. ಒಳಗೆ ಒಲೆ ಹಚ್ಚುವುದಾಗಲಿ, ಜೀಪಿನ ಎಂಜಿನ್ ಚಾಲೂ ಇಡುವುದಾಗಲಿ ಜೀವಕ್ಕೇ ಅಪಾಯ. ತಾಯಿಯವರು ಹೊರಗೆ ಜಮಖಾನ ಹಾಸಿಕೊಂಡು ಇಷ್ಟಲಿಂಗಪೂಜೆ ಮುಗಿಸಿದರು. ಪೂಜೆಯ ಪತ್ರೆಯಲ್ಲಿ ಒಂದೆಸಳನ್ನು ತೆಗೆದಿರಿಸಿ, ನನ್ನ ಹೆಗಲು ಹಿಡಿದು ನೀರಿನ ಅಂಚಿನವರೆಗೆ ನಡೆದು, ತೇಲಿಬಿಟ್ಟರು.

ಅಷ್ಟರಲ್ಲಿ ಪಾದಯಾತ್ರಿಕರ ಗುಂಪೊಂದು ರಸ್ತೆಗೆ ಬಂದಿತು. ಉಳಿದ ರೊಟ್ಟಿಯೆಲ್ಲ ಅವರಿಗೆ ಸಂದಿತು. ಮಧ್ಯಾಹ್ನಕ್ಕೆ ಕೊಟ್ಟೂರು ಸೇರಿದೆವು. ಡೇರೆಯನ್ನು ಹಸಿಯಾಗಿಯೇ ಮಡಿಚಿದ್ದರಿಂದ ಬೂಷ್ಟು ಹಿಡಿದಿತ್ತು. ಎರಡು ದಿನ ಬಿಸಿಲಿಗೆ ಹಾಕಿ ಗೆಳೆಯರಿಗೆ ಹಿಂದಿರುಗಿಸಿದೆ.