ಬುಲೆಟ್ಟಿನ ಉಸಿರು

ಭಾನುವಾರ ಬೆಳಗ್ಗೆ ಚಂದ್ರವಳ್ಳಿಯ ಗೇಟಿನ ಹತ್ತಿರ ಬುಲೆಟ್ ನಿಲ್ಲಿಸಿ, ಎಂಜಿನ್ನು ಆರುವಾಗ ಬರುವ ಟಿಕ್ ಟಿಕ್ ಸದ್ದು ಕೇಳುತ್ತ ಕೂರುವುದು ನನಗೆ ಬಹಳ ವರ್ಷದ ಸುಖ. ಒಳಗೆ ಬಂಡೆಗಳ ನಡುವೆ ಕೆರೆ. ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ, 4ನೇ ಶತಮಾನದ್ದು. ಅದೂ ಕೆರೆಯ ಮಾತನ್ನೇ ಆಡುತ್ತದೆ. ನೀರನ್ನು ಅಳೆದು ಬಿಡುವ ಸೀಮೆ ನಮ್ಮದು. ಅದಕ್ಕೋ ಏನೋ, ಎಂಜಿನ್ನಿನ ಗಾಳಿಯ ವಿಚಾರ ಬಂದಾಗಲೆಲ್ಲ ನನಗೆ ತೂಬು ನೆನಪಾಗುತ್ತದೆ.

ನನ್ನದು ಹಳೆಯ 350ರ ಬುಲೆಟ್. ಅದರ ಏರ್ ಫಿಲ್ಟರು ಕಬ್ಬಿಣದ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಅಲ್ಲಿಂದ ರಬ್ಬರ್ ಕೊಳವೆ ಕಾರ್ಬೊರೇಟರಿಗೆ. ಆ ಪೆಟ್ಟಿಗೆಯನ್ನೇ ಕಿತ್ತು, ಕಾರ್ಬೊರೇಟರಿನ ಬಾಯಿಗೆ ನೇರವಾಗಿ ಕೋನ್ ಫಿಲ್ಟರ್ ಸಿಕ್ಕಿಸುವ ಆಸೆ ಬುಲೆಟ್ ಓಡಿಸುವವರಲ್ಲಿ ಬಹಳ ಜನಕ್ಕೆ ಒಮ್ಮೆಯಾದರೂ ಬರುತ್ತದೆ. ನನಗೂ ಬಂತು. ಹಾಕಿ ಕಿಕ್ ಹೊಡೆದ ಆ ಗಳಿಗೆಯನ್ನು ಇವತ್ತಿಗೂ ಮರೆತಿಲ್ಲ. ಅಲ್ಲಿಯವರೆಗೆ ಸದ್ದು ಸೈಲೆನ್ಸರಿನಿಂದ ಮಾತ್ರ ಬರುತ್ತಿತ್ತು. ಈಗ ಮೊಣಕಾಲಿನ ಪಕ್ಕದಲ್ಲೇ ಒಂದು ಗಂಟಲು ತೆರೆದಿತ್ತು. ಥ್ರಾಟಲ್ ತಿರುವಿದರೆ ಎತ್ತು ಮೂಸಿದಂತೆ ಗಾಳಿ ಒಳಕ್ಕೆ ನುಗ್ಗುವುದು ಕಿವಿಗೆ ಮಾತ್ರವಲ್ಲ, ಕಾಲಿಗೂ ಗೊತ್ತಾಗುತ್ತಿತ್ತು. ಆ ಸದ್ದಿಗಾಗಿಯೇ ಕೋನ್ ಹಾಕುವವರನ್ನು ನಾನು ತಪ್ಪು ಎನ್ನಲಾರೆ.

ಆದರೆ ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ತಪ್ಪಿದ ಕೂಡಲೇ ಗಾಡಿ ಹೇಳುತ್ತದೆ: ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಪಟಾಕಿ, ಎಳೆಯುವಾಗ ಮುಗ್ಗರಿಕೆ. ಮೇಸ್ತ್ರಿ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು, "ನೋಡಿ ಸಾರ್, ಸುಣ್ಣದ ಹಾಗೆ ಬೆಳ್ಳಗಾಗಿದೆ" ಎಂದರು. ಮೇನ್ ಜೆಟ್ ದೊಡ್ಡದು ಹಾಕಿ, ನೀಡಲ್ಲಿನ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ, ಒಂದು ಸುತ್ತು ಓಡಿಸಿ ಬಂದು ಮತ್ತೆ ಪ್ಲಗ್ ನೋಡುವುದು. ಕಪ್ಪಾದರೆ ಪೆಟ್ರೋಲು ಹೆಚ್ಚು, ಬೆಳ್ಳಗಾದರೆ ಕಡಿಮೆ, ಹುರಿದ ಕಾಫಿ ಬೀಜದ ಎಳೆ ಬಣ್ಣ ಬಂದರೆ ಸರಿ. ಆ ಬಣ್ಣ ಬರಲು ನಮಗೆ ಮೂರು ಭಾನುವಾರ ಹಿಡಿಯಿತು. ಈ ಹವ್ಯಾಸದಲ್ಲಿ ಅದಕ್ಕಿಂತ ರುಚಿಯಾದ ದಿನಗಳು ನನಗೆ ಸಿಕ್ಕಿಲ್ಲ.

ಶಕ್ತಿ ಹೆಚ್ಚಿತೇ? ನನ್ನ ಬುಲೆಟ್ಟಿನದು 18 ಅಶ್ವಶಕ್ತಿ. ನೂರಕ್ಕೆ ಐದು ಹೆಚ್ಚಿದರೂ ಒಂದು ಕುದುರೆ ತುಂಬುವುದಿಲ್ಲ. ತೂಬು ಎಷ್ಟು ಅಗಲ ಮಾಡಿದರೂ ಕೆಳಗಿನ ಕಾಲುವೆ ಕಿರಿದಾಗಿದ್ದರೆ ಗದ್ದೆಗೆ ಹೋಗುವ ನೀರು ಅಷ್ಟೇ. ಕಾರ್ಬೊರೇಟರು, ವಾಲ್ವು, ಪೋರ್ಟು, ಸೈಲೆನ್ಸರು ಎಲ್ಲವನ್ನೂ ಹಿಗ್ಗಿಸಿದ ರೇಸಿನ ಗಾಡಿಗೆ ಕೋನ್ ನಿಜವಾಗಿ ಬೇಕು. ಉಳಿದವರು ಹಾಕಿದರೆ ಗಾಡಿಗೆ ಎಂಜಿನ್ನಿನ ಪಕ್ಕದ ಬಿಸಿ ಗಾಳಿಯನ್ನೇ ಕುಡಿಸಿದ ಹಾಗಾಗುತ್ತದೆ. 20 ಡಿಗ್ರಿಯ ಗಾಳಿ 40ಕ್ಕೇರಿದರೆ ಅದರ ಸಾಂದ್ರತೆ ನೂರಕ್ಕೆ ಆರರಷ್ಟು ಇಳಿಯುತ್ತದೆ. ಗಳಿಸಿದ್ದು ಅಲ್ಲೇ ಕರಗಿತು. ಕಂಪನಿಯ ಪೆಟ್ಟಿಗೆ ಬರೀ ಮುಚ್ಚಳವಲ್ಲ. ಅದು ನಿಂತ ಗಾಳಿಯ ಪುಟ್ಟ ಕೆರೆ. ಎದುರುಗಾಳಿ ಬೀಸಿದರೂ ಲಾರಿ ಪಕ್ಕದಲ್ಲಿ ಹಾದರೂ ಕಾರ್ಬೊರೇಟರಿಗೆ ಒಂದೇ ಸಮನೆ ಗಾಳಿ ಕೊಡುತ್ತದೆ, ಮಳೆ ನೀರನ್ನು ಹೊರಗಿಡುತ್ತದೆ.

ಇದೆಲ್ಲ ಗೊತ್ತಿದ್ದೂ ನಾನು ಕೋನ್ ಬಿಚ್ಚಿರಲಿಲ್ಲ. ಬಿಚ್ಚಿಸಿದ್ದು ಧೂಳು. ಒಂದು ಬೇಸಿಗೆಯಲ್ಲಿ ಭೀಮಸಮುದ್ರದ ಕಡೆ, ಅದಿರಿನ ಲಾರಿಗಳು ಓಡುವ ರಸ್ತೆಯಲ್ಲಿ, ಕೆಲಸದ ಮೇಲೆ ದಿನಾ ಓಡಾಡಿದೆ. 346 ಸಿಸಿ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ 1500 ಸಲ ಉಸಿರೆಳೆಯುತ್ತದೆ. ಸಿಲಿಂಡರು ಪೂರ್ತಿ ತುಂಬುವುದಿಲ್ಲ ಎಂದು ಕಳೆದರೂ ನಿಮಿಷಕ್ಕೆ ಸುಮಾರು 400 ಲೀಟರ್, ಗಂಟೆಗೆ 24,000 ಲೀಟರ್ ಗಾಳಿ. ಅದೂ ಕೆಂಧೂಳು ತುಂಬಿದ ಗಾಳಿ! ತಿಂಗಳಾದ ಮೇಲೆ ಕೋನ್ ತೆಗೆದು ಕಾರ್ಬೊರೇಟರಿನ ಬಾಯೊಳಗೆ ಬೆರಳಾಡಿಸಿದೆ. ಬೆರಳು ಕುಂಕುಮ ಮುಟ್ಟಿದಂತಾಯಿತು. ಎಣ್ಣೆ ಸವರಿದ ಹತ್ತಿಯ ಫಿಲ್ಟರು ಚೆನ್ನಾಗಿಯೇ ಧೂಳು ಹಿಡಿಯುತ್ತದೆ, ತೊಳೆದು ಮತ್ತೆ ಹಾಕಬಹುದು; ನನ್ನದು ಅಂಥದ್ದಲ್ಲ, ಅಗ್ಗದ ಜಾಲರಿ. ಅದಿರಿನ ಪುಡಿ ಎಂಜಿನ್ ಎಣ್ಣೆಗೆ ಬೆರೆತು ಬೋರನ್ನು ಉಪ್ಪುಕಾಗದದಂತೆ ಉಜ್ಜಿತ್ತು. ನೀಲಿ ಹೊಗೆ ಬಂತು. ರಿಂಗು ಬದಲಾಯಿಸಿ, ಬೋರು ಕೊರೆಸಿ, ದಪ್ಪ ಪಿಸ್ಟನ್ ಹಾಕಿಸಿದೆ. ಗಾಡಿಗಲ್ಲ, ನನಗೇ ಗಾಯವಾದ ಹಾಗಿತ್ತು.

ಮರಳಿ ಪೆಟ್ಟಿಗೆ ಬಂತು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರನ್ನು ತೆಗೆದು, ನೆಲಕ್ಕೆ ಮೆಲ್ಲಗೆ ತಟ್ಟಿ ಧೂಳು ಉದುರಿಸುತ್ತೇನೆ. ಹೊಳಲ್ಕೆರೆ ರಸ್ತೆಯದು ಒಂದು ಬಣ್ಣ, ಹಿರಿಯೂರು ಕಡೆಯದು ಇನ್ನೊಂದು. ಯಾವ ವಾರ ಎಲ್ಲಿ ಓಡಾಡಿದೆ ಎಂಬುದನ್ನು ಕಾಗದದ ಮಡಿಕೆಗಳಲ್ಲಿ ಓದಬಹುದು.

ಕೋನನ್ನು ಎಸೆದಿಲ್ಲ. 2022ರಲ್ಲಿ, 89 ವರ್ಷಗಳ ಮೇಲೆ, ವಾಣಿವಿಲಾಸ ಸಾಗರ ಕೋಡಿ ಬಿತ್ತೆಂದು ಜಿಲ್ಲೆಯೇ ಹೊರಟಾಗ ರಾತ್ರಿ ಕೂತು ಜೆಟ್ ಬದಲಿಸಿ ಮತ್ತೆ ಸಿಕ್ಕಿಸಿದೆ. ಮಳೆ ನಿಂತಿತ್ತು, ರಸ್ತೆಯಲ್ಲಿ ಒಂದು ಚಿಟಿಕೆ ಧೂಳಿರಲಿಲ್ಲ, ಗಾಳಿ ತಣ್ಣಗಿತ್ತು. ಕಣಿವೆ ಹತ್ತಿರವಾಗುತ್ತ ಥ್ರಾಟಲ್ ತಿರುವಿದೆ. ಮೊಣಕಾಲಿನ ಪಕ್ಕ ಆ ಗಂಟಲು ತೆರೆಯಿತು. ಕೋಡಿಯ ನೀರಿನ ಸದ್ದು ಕೇಳುವವರೆಗೂ ಅದನ್ನೇ ಕೇಳುತ್ತ ಹೋದೆ; ಆಮೇಲೆ ಎಂಜಿನ್ನು ಆರಿಸಿದೆ.