ಡೇಜಾನಿನಲ್ಲಿ ಒಂದು ವರ್ಷ

"ಕೊರಿಯಾಕ್ಕೆ ಹೋಗಿ ಬಂದಿರಿ, ನಾಲ್ಕು ಮಾತು ಬರೆಯಿರಿ" ಎಂದು ಸಂಪಾದಕರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ದೇಶ ನೋಡಲು ಹೋದವನಲ್ಲ. ಹೆಂಡತಿಯ ಹಿಂದೆ ಹೋದವನು. ನನ್ನಾಕೆಗೆ ಡೇಜಾನ್ ನಗರದ ಸಂಶೋಧನಾಲಯವೊಂದರಲ್ಲಿ ಎರಡು ವರ್ಷದ ಕೆಲಸ ದೊರೆಯಿತು. ಪುಣೆಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ ನಾನು ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, 2024ರ ಸೆಪ್ಟೆಂಬರಿನಲ್ಲಿ ಆಕೆಯೊಡನೆ ವಿಮಾನ ಹತ್ತಿದೆ.

ಡೇಜಾನ್ ಸಿಯೋಲಿನಿಂದ ದಕ್ಷಿಣಕ್ಕೆ ವೇಗದ ರೈಲಿನಲ್ಲಿ ಒಂದು ಗಂಟೆಯ ದಾರಿ. ವಿಜ್ಞಾನಿಗಳ ಊರು, 1993ರಲ್ಲಿ ಇಲ್ಲಿ ದೊಡ್ಡದೊಂದು ಅಂತರರಾಷ್ಟ್ರೀಯ ಪ್ರದರ್ಶನ ನಡೆದಿತ್ತು. ಊರಿನ ಯುಸೊಂಗ್ ಎಂಬ ಭಾಗದಲ್ಲಿ ಬಿಸಿನೀರಿನ ಬುಗ್ಗೆಗಳುಂಟು. ಬಯಲಿನಲ್ಲೇ ಕಟ್ಟಿದ ತೊಟ್ಟಿಯಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ಕಾಲು ಇಳಿಬಿಟ್ಟು ಕೂರಬಹುದು. ನಡುಹಗಲಿನಲ್ಲಿ ಹಾಗೆ ಕೂರುವವರೆಲ್ಲ ನಿವೃತ್ತರಾದ ಮುದುಕರು. ಅವರ ನಡುವೆ ಮೂವತ್ತನಾಲ್ಕು ವರ್ಷದ ನಾನೊಬ್ಬ. ನೆತ್ತಿಯ ಮೇಲೆ ಸೂರ್ಯನಿರುವಾಗ ಕಚೇರಿಯಿಲ್ಲದ ಗಂಡಸಿನ ಪಾಡು ಏನೆಂಬುದು ನನಗೆ ಅಲ್ಲಿ ತಿಳಿಯಿತು.

ಚಳಿಗಾಲ ಬಂದಮೇಲೆ ಆ ತೊಟ್ಟಿಯನ್ನೂ ಬಿಟ್ಟು ಮನೆಯ ಪರದೆಗೆ ಅಂಟಿಕೊಂಡೆ. ಮೊದಲು ನೋಡಿದ್ದು 2014ರ 'ಮಿಸೆಂಗ್'. ವ್ಯಾಪಾರ ಸಂಸ್ಥೆಯೊಂದರಲ್ಲಿ ಕರಾರಿನ ಮೇಲೆ ದುಡಿಯುವ ಹುಡುಗನ ಕಥೆ. ಬಾದುಕ್ ಎಂಬ ಅಲ್ಲಿಯ ಕಲ್ಲಿನಾಟದಲ್ಲಿ ಇನ್ನೂ ಸಾಯದ, ಬದುಕೂ ಗಟ್ಟಿಯಾಗದ ಕಾಯಿಗಳಿಗೆ ಆ ಹೆಸರು. ಗುಮಾಸ್ತನಿಗೆ ಇದಕ್ಕಿಂತ ಒಪ್ಪುವ ಕಥೆಯುಂಟೆ? ಆಮೇಲೆ ಹಿಡಿಸಿದ್ದು 'ರಿಪ್ಲೈ 1988'. ಸಿಯೋಲಿನ ಒಂದು ಓಣಿ, ಐದು ಮನೆಗಳು. ಸಂಜೆಯಾದರೆ ತಾಯಂದಿರು ಮಾಡಿದ ಪಲ್ಯ ಸಾರುಗಳ ಬೋಗುಣಿ ಹಿಡಿದು ಮಕ್ಕಳು ಮನೆಯಿಂದ ಮನೆಗೆ ಓಡುತ್ತಾರೆ. ನೋಡುತ್ತ ನೋಡುತ್ತ ನನಗೆ ನಮ್ಮ ಹಾಸನದ ಅಜ್ಜಿಯ ಮನೆಯ ಬೀದಿಯೇ ಕಣ್ಣೆದುರು ಬಂದಿತು.

ಆದರೆ ನಾವಿದ್ದ ಹದಿನೈದು ಅಂತಸ್ತಿನ ಕಟ್ಟಡದಲ್ಲಿ ಬೋಗುಣಿಯ ಸುಳಿವೇ ಇರಲಿಲ್ಲ. ಲಿಫ್ಟಿನಲ್ಲಿ ಎಲ್ಲರೂ ತಲೆಬಾಗಿ ನಮಸ್ಕರಿಸಿ ತಮ್ಮ ತಮ್ಮ ಫೋನು ನೋಡುವವರೇ. ಒಂದು ದಿನ ನಾನೇ ಧೈರ್ಯಮಾಡಿ, ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿಯನ್ನು "ಬಾಪ್ ಮೊಗೊಸ್ಸೊ?" ಎಂದು ಕೇಳಿದೆ. ಊಟವಾಯಿತೆ ಎಂದರ್ಥ. ನಮ್ಮಂತೆಯೇ ಅವರೂ ಕ್ಷೇಮಸಮಾಚಾರಕ್ಕೆ ಊಟವನ್ನೇ ಕೇಳುತ್ತಾರೆ. ಅಜ್ಜಿಯ ಮುಖ ಕಪ್ಪಿಟ್ಟಿತು, ಮಾತಿಲ್ಲದೆ ಇಳಿದುಹೋದರು.

ರಾತ್ರಿ ನನ್ನಾಕೆ ಸಹೋದ್ಯೋಗಿಗಳನ್ನು ವಿಚಾರಿಸಿ ನಕ್ಕಳು. ಕೊರಿಯದವರು ಪರಿಚಯವಾದೊಡನೆ ವಯಸ್ಸು ಕೇಳುವುದು ಕುತೂಹಲಕ್ಕಲ್ಲ; ಯಾವ ಮಟ್ಟದ ಮಾತಾಡಬೇಕೆಂದು ತಿಳಿಯಲು. ಧಾರಾವಾಹಿಯ ತಾಯಿ ತನ್ನ ಮಗನನ್ನು ಕೇಳಿದ ಮಾತನ್ನು ನಾನು ಅಜ್ಜಿಗೆ ಅನ್ವಯಿಸಿದ್ದೆ. "ಏನೇ, ಉಂಡೆಯಾ?" ಎಂದು ಪುಣೆಯಲ್ಲಿ ಯಾರಾದರೂ ನನ್ನ ತಾಯಿಯನ್ನು ಕೇಳಿದ್ದರೆ! ಹಿರಿಯರಿಗೆ "ಶಿಕ್ಸಾ ಹಾಶೊಸ್ಸೊಯೊ?" ಎನ್ನಬೇಕಂತೆ. ಅದನ್ನು ಬಾಯಿಪಾಠ ಮಾಡಿದೆ. ಆದರೆ ಮೂರು ತಿಂಗಳು ಅಜ್ಜಿಯನ್ನು ಕಂಡರೆ ಮೆಟ್ಟಿಲಿನಲ್ಲೇ ಇಳಿಯುತ್ತಿದ್ದೆ.

2025ರ ಮಾರ್ಚಿಯಲ್ಲಿ ಜೇಜು ದ್ವೀಪದ ಕಥೆಯೊಂದು ನೆಟ್‌ಫ್ಲಿಕ್ಸಿನಲ್ಲಿ ವಾರಕ್ಕೆ ನಾಲ್ಕು ಕಂತಿನಂತೆ ಬಂದಿತು. ಇಂಗ್ಲಿಷಿನಲ್ಲಿ ಕಿತ್ತಳೆಯ ಹೆಸರು. ಕೊರಿಯನ್ ಹೆಸರು ಜೇಜುವಿನ ಆಡುಮಾತು, 'ಬಹಳ ಶ್ರಮಪಟ್ಟಿರಿ' ಎಂದರ್ಥ. ಕಡಲಿಗೆ ಮುಳುಗಿ ಚಿಪ್ಪುಮೀನು ತೆಗೆಯುವ ತಾಯಿ, ಓದಬೇಕೆಂಬ ಮಗಳು, ಮಾತು ಕಡಿಮೆಯಾದ ಅಳಿಯ. ನೋಡುತ್ತಿದ್ದಂತೆ ಗೋಡೆಯ ಆಚೆಯಿಂದಲೂ ಅದೇ ಹಾಡು ಕೇಳಿಸಿತು. ಅಜ್ಜಿಯೂ ನೋಡುತ್ತಿದ್ದರು. ತಾಯಿ ತೀರಿಕೊಂಡ ಸಂದರ್ಭದಲ್ಲಿ ಗೋಡೆಯಾಚೆ ಯಾರೋ ಮೂಗು ಸೀಟಿದ ಸದ್ದು. ಈಚೆ ನಾವಿಬ್ಬರೂ ಅದನ್ನೇ ಮಾಡುತ್ತಿದ್ದೆವು.

ಆ ತಿಂಗಳ 30ರಂದು ಯುಗಾದಿ. ಬೇವು ಸಿಕ್ಕಲಿಲ್ಲ, ಪುಣೆಯ ಬೆಲ್ಲ ಉಳಿದಿತ್ತು. ಕಡಲೆಬೇಳೆ ಪಾಯಸವನ್ನು ಒಂದು ಬೋಗುಣಿಯಲ್ಲಿಟ್ಟು ಪಕ್ಕದ ಬಾಗಿಲು ತಟ್ಟಿದೆ. ತಲೆಬಾಗಿ, "ಶಿಕ್ಸಾ ಹಾಶೊಸ್ಸೊಯೊ?" ಎಂದೆ. ಅಜ್ಜಿ ನನ್ನನ್ನೂ ಬೋಗುಣಿಯನ್ನೂ ನೋಡಿ, ನಕ್ಕು, ಎರಡು ಕೈಯಲ್ಲಿ ತೆಗೆದುಕೊಂಡರು.

ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಅಲ್ಲಿಯೂ ಪದ್ಧತಿಯೇ. ಮೂರನೆಯ ದಿನ ಬೋಗುಣಿಯ ತುಂಬ ಕಿಮ್ಚಿ ಬಂದಿತು. ಕೆಂಪು ಖಾರ, ಅದರೊಳಗೆ ಉಪ್ಪು ಹಾಕಿದ ಸೀಗಡಿ. ನಾವು ಸಸ್ಯಾಹಾರಿಗಳು. "ರುಚಿಯಾಗಿತ್ತು" ಎಂದು ಸುಳ್ಳು ಹೇಳಿದೆ. ಮರುವಾರ ಇನ್ನೂ ದೊಡ್ಡ ಡಬ್ಬ ಬಂದಿತು. ಆ ವಯಸ್ಸಿನಲ್ಲಿ ಕೂತು ಮಾಡಿದ್ದನ್ನು ಚೆಲ್ಲುವುದೆಂತು? ಫೋನಿನ ಅನುವಾದಯಂತ್ರ ಹಿಡಿದುಕೊಂಡು ಹೋಗಿ ತಪ್ಪೊಪ್ಪಿಕೊಂಡೆ. ಅಜ್ಜಿ ಓದಿದರು. ಡಬ್ಬ ಕಸಿದುಕೊಂಡು ಬಾಗಿಲು ಮುಚ್ಚಿದರು. ಮುಗಿಯಿತು ಎಂದುಕೊಂಡೆ. ಐದಾರು ದಿನದ ಮೇಲೆ ಗಾಜಿನ ಜಾಡಿಯಲ್ಲಿ ತಿಳಿನೀರು, ಅದರಲ್ಲಿ ಬಿಳಿ ಮೂಲಂಗಿ: ದೊಂಗ್ಚಿಮಿ. ಜಾಡಿಯನ್ನು ತಟ್ಟಿ ತೋರಿಸಿ, ಮೀನಿಲ್ಲವೆಂದು ಕೈಯಾಡಿಸಿ ಹೇಳಿದರು. ಅನ್ನದೊಡನೆ ಅದನ್ನು ಉಂಡು, "ರುಚಿಯಾಗಿತ್ತು" ಎಂದು ಈ ಸಲ ನಿಜವನ್ನೇ ಹೇಳಿದೆ.

ರಜೆ ಮುಗಿದು ಸೆಪ್ಟೆಂಬರಿನಲ್ಲಿ ನಾನೊಬ್ಬನೇ ಪುಣೆಗೆ ಮರಳಿದೆ. ಬೋಗುಣಿ ಅಲ್ಲೇ ಇದೆ, ಎರಡು ಮನೆಯ ನಡುವೆ ಓಡಾಡಿಕೊಂಡು. ಇಲ್ಲಿ ಎದುರು ಮನೆಯವರ ಹೆಸರು ಆರು ವರ್ಷದಿಂದ ನನಗೆ ಗೊತ್ತಿರಲಿಲ್ಲ. ಕಳೆದ ಭಾನುವಾರ ಚಿತ್ರಾನ್ನ ಕೊಂಡುಹೋಗಿ ಕೇಳಿಕೊಂಡು ಬಂದೆ. ಪಾತ್ರೆ ಇನ್ನೂ ಹಿಂದಿರುಗಿಲ್ಲ.

ಕಚೇರಿಯಿಂದ ಬಂದು ಬೀಗ ತೆಗೆಯುವ ಹೊತ್ತಿಗೆ ಅಲ್ಲಿ ರಾತ್ರಿ ಹತ್ತು ಗಂಟೆ. ಫೋನು ಬರುತ್ತದೆ. "ಬಾಪ್ ಮೊಗೊಸ್ಸೊ?" ಎನ್ನುತ್ತಾಳೆ ನನ್ನಾಕೆ, ಏಕವಚನದಲ್ಲಿಯೇ.